ಎಣ್ಣೆ ಕತ್ತಿಗೆ ಟೇಪು ಅಂಟಲಿಲ್ಲ

ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ದಟ್ಟಗಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿ, ಸೆರಗನ್ನು ಮರದ ಮಣೆಗೆ ಕ್ಲಿಪ್ಪಿನಿಂದ ಬಿಗಿದು ತಲೆ ಬಗ್ಗಿಸಿದರೆ, ಏಳುತ್ತಿದ್ದುದು ಸಂಜೆಯ ಕಾಫಿಗೇ. ಹೋದ ವರ್ಷ ಕತ್ತು ಹಿಡಿದುಕೊಂಡಿತು. ಮೊದಲು ಬಲಕ್ಕೆ ತಿರುಗದಾಯಿತು, ಆಮೇಲೆ ಬೆರಳುಗಳಿಗೆ ಜೋಮು ಬಂದು ಸೂಜಿ ಜಾರತೊಡಗಿತು. ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಸವೆದಿದೆ, ಫಿಸಿಯೋಥೆರಪಿ ಮಾಡಿಸಿ ಎಂದರು.

"ಸಾಕು ಬುಡೇ, ನೀನು ಕುಚ್ಚು ಕಟ್ದೆ ಇದ್ರೆ ಯಾರ ಮದುವೇನೂ ನಿಲ್ಲಲ್ಲ" ಎಂದರು ನಮ್ಮ ಮನೆಯವರು. ನಿಜವೇ. ಆದರೆ ಕುಚ್ಚು ಬಿಟ್ಟರೆ ನನಗೆ ನನ್ನದು ಅನ್ನುವ ಕೆಲಸ ಇನ್ನೊಂದಿರಲಿಲ್ಲ.

ಫಿಸಿಯೋಥೆರಪಿಯವಳು ಹೆಚ್ಚುಕಡಿಮೆ ನನ್ನ ಮಗಳ ವಯಸ್ಸಿನವಳು. ಗದ್ದವನ್ನು ಹಿಂದಕ್ಕೆಳೆದು ಐದು ಎಣಿಸಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ನಾನು ಬೇಗ ಎಣಿಸಿಬಿಟ್ಟರೆ, ನನ್ನ ಐದು ತನ್ನ ಮೂರಕ್ಕೂ ಸಮವಲ್ಲ ಎಂದು ನಗುತ್ತ ಮೊದಲಿನಿಂದ ಮಾಡಿಸುತ್ತಿದ್ದಳು. ಕೊನೆಗೆ ಕತ್ತಿಗೆ ಆಸರೆಯಾಗಿ ನೀಲಿ ಟೇಪು ಅಂಟಿಸಿ ಕಳಿಸುತ್ತಿದ್ದಳು.

ಇದರ ನಡುವೆ ನಾದಿನಿ ನನ್ನನ್ನು ವಿಜಯನಗರದ ಆಯುರ್ವೇದ ಪಂಡಿತರ ಹತ್ತಿರ ಕರೆದುಕೊಂಡು ಹೋದಳು. ಅವರು ಉದ್ದಿನ ಹಿಟ್ಟು ಕಲಸಿ ಕತ್ತಿನ ಮೇಲೆ ದುಂಡಗೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚನೆಯ ಎಣ್ಣೆ ತುಂಬುತ್ತಿದ್ದರು. ಮೂವತ್ತು ವರ್ಷ ಹಿಟ್ಟು ಕಲಸಿದ ನನಗೂ ಅಂಥ ಹದ ಬಂದಿಲ್ಲ, ಒಂದು ತೊಟ್ಟೂ ಸೋರುತ್ತಿರಲಿಲ್ಲ. ಪ್ರತಿ ಸಲವೂ ಮೊದಲು ತಮ್ಮ ಮುಂಗೈಗೆ ಎಣ್ಣೆ ಬಿಟ್ಟು ಶಾಖ ನೋಡಿಕೊಂಡೇ ನನಗೆ ಹಾಕುತ್ತಿದ್ದರು.

ಇವರ ವಿಷಯ ಅವಳಿಗೆ ಹೇಳಲಿಲ್ಲ, ಅವಳ ವಿಷಯ ಇವರಿಗೂ ಹೇಳಲಿಲ್ಲ. ಒಬ್ಬರಿಗೆ ತೋರಿಸುತ್ತಿರುವಾಗ ಇನ್ನೊಬ್ಬರ ಬಾಗಿಲಿಗೆ ಹೋದರೆ ಇಬ್ಬರಿಗೂ ಅವಮಾನ ಎಂದು ನಾನೇ ಅಂದುಕೊಂಡಿದ್ದೆ. ಒಂದು ದಿನ ಎರಡೂ ಒಂದೇ ಬೆಳಿಗ್ಗೆ ಬಂದವು. ಪಂಡಿತರಲ್ಲಿ ಎಣ್ಣೆ ಮುಗಿಸಿ, ಬಟ್ಟೆಯಲ್ಲಿ ಒರೆಸಿಕೊಂಡು ನೇರ ಫಿಸಿಯೋಥೆರಪಿಗೆ ಹೋದೆ. ಟೇಪು ಅಂಟಲಿಲ್ಲ. ಅವಳು ಸ್ಪಿರಿಟ್ ಹಾಕಿ ಒರೆಸಿ ಮತ್ತೆ ಅಂಟಿಸಿದಳು, ಅದು ಮತ್ತೆ ಸುರುಳಿ ಸುತ್ತಿಕೊಂಡು ಬಂತು. ಅಭ್ಯಂಜನಕ್ಕೆ ಎಣ್ಣೆ ಹಚ್ಚಿದ್ದೆ ಎಂದೆ.

"ಕೂದಲು ಒಣಗೇ ಇದೆಯಲ್ಲ ಆಂಟಿ, ಕತ್ತಿಗೆ ಮಾತ್ರ ಅಭ್ಯಂಜನವಾ?"

ಹೇಳಲೇಬೇಕಾಯಿತು. ಬೈಗುಳಕ್ಕೆ ಕಾಯುತ್ತ ಕೂತೆ. ಅವಳು ಪಂಡಿತರ ನಂಬರು ಕೇಳಿ ಅಲ್ಲೇ ಫೋನು ಮಾಡಿದಳು. ನಾನು ಅಲ್ಲಿ ಇಲ್ಲವೇನೋ ಎಂಬಂತೆ ನನ್ನ ಕತ್ತಿನ ಬಗ್ಗೆ ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಅವಳು ಅವರನ್ನು ಸರ್ ಎನ್ನುತ್ತಿದ್ದಳು, ಆ ಕಡೆಯಿಂದ ಡಾಕ್ಟ್ರಮ್ಮ ಎನ್ನುವುದು ನನಗೂ ಕೇಳಿಸಿತು. ಯಾವ ವ್ಯಾಯಾಮ ಎಂದು ಅವರು ಕೇಳಿದರು, ಎಣ್ಣೆ ಎಷ್ಟು ಹೊತ್ತು ಇರಬೇಕು ಎಂದು ಇವಳು ಬರೆದುಕೊಂಡಳು. ಎಣ್ಣೆಗೂ ಟೇಪಿಗೂ ಬೇರೆ ಬೇರೆ ದಿನ ನಿಗದಿಯಾಯಿತು. ನಾನು ಕೂರುವ ರೀತಿ ಬದಲಾಗದಿದ್ದರೆ ಇಬ್ಬರ ಶ್ರಮವೂ ದಂಡ ಎನ್ನುವುದರಲ್ಲಿ ಇಬ್ಬರದೂ ಒಂದೇ ಮಾತು.

ಮಾರನೆಯ ದಿನ ಅವಳು ಹೇಳಿದಂತೆ ಮಣೆ, ಸೀರೆ ತೆಗೆದುಕೊಂಡು ಹೋದೆ. ಅವಳು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತು ನಾನು ಕಟ್ಟುವುದನ್ನು ನೋಡಿದಳು. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮಣೆಯನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಸೆರಗು ನನ್ನ ಎದೆಯ ಮಟ್ಟಕ್ಕೆ ಬಂತು.

"ಹಿಂಗೆ ಕಟ್ಟಿದ್ರೆ ಗಂಟು ಬಿಗಿ ಬರಲ್ಲ ಕಣಮ್ಮ" ಎಂದೆ.

"ಬಿಗಿ ಬರೋವರ್ಗೂ ಕಟ್ಟಿ, ಬಿಚ್ಚಿ. ನಾನು ನಿಮಗೆ ಗದ್ದ ಎಳ್ಸಿಲ್ವಾ, ಹಂಗೇ."

ಒಂದು ವಾರ ಕಟ್ಟಿದ್ದೆಲ್ಲ ಸೊಟ್ಟ, ಕಟ್ಟಿದಷ್ಟೂ ಬಿಚ್ಚಿದೆ. ಎರಡನೆಯ ವಾರ ಕೈಗೆ ಹೊಸ ಎತ್ತರ ಒಗ್ಗಿತು. ನೋವು ಪೂರ್ತಿ ಹೋಗಿಲ್ಲ, ಚಳಿಯ ಬೆಳಗುಗಳಲ್ಲಿ ಕತ್ತು ಮುನಿಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುತ್ತೇನೆ, ಮೊದಲಿನ ಕಾಲುಭಾಗದಷ್ಟು ಸೀರೆ ಮಾತ್ರ ಒಪ್ಪಿಕೊಳ್ಳುತ್ತೇನೆ. ಮೊದಲು ಒಂದು ದಿನದಲ್ಲಿ ಮುಗಿಯುತ್ತಿದ್ದ ಸೆರಗಿಗೆ ಹೋದ ವಾರ ನಾಲ್ಕು ದಿನ ಹಿಡಿಯಿತು. ಮುಗಿದ ಮೇಲೆ ಒಂದೊಂದೇ ಗಂಟನ್ನು ಎಳೆದು ನೋಡಿದೆ. ಒಂದೂ ಸಡಿಲವಿರಲಿಲ್ಲ.