ಅಮ್ಮನನ್ನು ಯಾವ ವೀಸಾದಲ್ಲಿ ಇಟ್ಟುಕೊಳ್ಳುವುದು?

ಎರಡು ತಿಂಗಳ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿ, ನನ್ನ ಅಮ್ಮ ನಮ್ಮ ಮನೆಯ ಕೆಲಸದವಳು ಎಂದು ಅರ್ಜಿ ಬರೆಸಿದೆ.

ಹೆಸರು ಸರಿಯಾದದ್ದೇ. ಪಾಸ್‌ಪೋರ್ಟ್ ನಂಬರ್ ಸರಿಯಾದದ್ದೇ. ಉದ್ಯೋಗ ಎಂಬಲ್ಲಿ ‘ಹೌಸ್‌ಮೇಡ್’. ನಾನೇ ಬಾಯಿಬಿಟ್ಟು ಹೇಳಿದ್ದು. ಸ್ವರ ನಡುಗಲಿಲ್ಲ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು.

‘ಮಸ್ಕತ್‌ನ ಎಸಿಯಲ್ಲಿ ಕೂತು ಬರೆಯುವವರಿಗೆ ಎಂತ ಕಷ್ಟ?’ ಎಂದು ನನಗೆ ಆಗಾಗ ಕಾರ್ಡು ಹಾಕುವ ಓದುಗರೊಬ್ಬರಿದ್ದಾರೆ. ಈ ವಾರ ಅವರು ಇದನ್ನು ಕೊನೆಯವರೆಗೆ ಓದಬೇಕು.

ನಾನು ಒಬ್ಬಳೇ ಮಗಳು. ಅಪ್ಪ ತೀರಿಹೋದಾಗ ನನಗೆ ಐದು ವರ್ಷ. ಅಮ್ಮ ಊರಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿದಳು. ಮೂವತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ಬಟ್ಟೆ ಒಗೆದು, ನೆಲ ಒರೆಸಿ, ಬೇರೆಯವರ ಮಕ್ಕಳನ್ನು ಮೀಯಿಸಿ, ನನ್ನನ್ನು ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಯುವವರೆಗೆ ತಂದಳು. ನಮಗೆ ಮನೆ ಅಂತ ಇದ್ದದ್ದು ಆಸ್ಪತ್ರೆಯ ಕ್ವಾರ್ಟರ್ಸಿನ ಒಂದು ಕೋಣೆ. ರಿಟೈರ್ ಆದ ಮೇಲೆ ಅದನ್ನೂ ಬಿಡಬೇಕಲ್ಲ? ಬಿಟ್ಟಳು. ತಂಗಿಯ ಮನೆಗೆ ಹೋದಳು. ಎರಡು ವರ್ಷ ಚೆನ್ನಾಗಿಯೇ ಇದ್ದಳು. ಚಿಕ್ಕಮ್ಮ ತೀರಿಕೊಂಡರು. ಅಲ್ಲಿಗೆ ಅದು ತಂಗಿಯ ಮನೆಯಾಗಿ ಉಳಿಯಲಿಲ್ಲ, ತಂಗಿಯ ಸೊಸೆಯರ ಮನೆಯಾಯಿತು. ಅವರೇನೂ ಕೆಟ್ಟವರಲ್ಲ. ಆದರೆ ಅಮ್ಮನಿಗೆ ತಲೆ ತಿರುಗಿ ಬೀಳುವ ಕಾಯಿಲೆ ಶುರುವಾಗಿತ್ತು. ಎರಡು ಸಲ ಬಾವಿಕಟ್ಟೆಯ ಹತ್ತಿರವೇ ಬಿದ್ದಳು. ಇವರನ್ನು ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ಹೇಳಿದರಂತೆ. ಗಂಡನ ದೊಡ್ಡಮ್ಮನ ಹಿಂದೆ ದಿನವಿಡೀ ಯಾವ ಸೊಸೆ ತಿರುಗುತ್ತಾಳೆ?

ಅದಕ್ಕೇ ಮಸ್ಕತ್‌ಗೆ ಕರೆಸಿಕೊಂಡೆವು. ವಿಸಿಟ್ ವೀಸಾ. ಬಾಂಬೆಯಲ್ಲಿ ಪರಿಚಯದವರೊಬ್ಬರು ವಿಮಾನ ಹತ್ತಿಸಿದರು. ಸೀಬ್ ಏರ್‌ಪೋರ್ಟಿನಲ್ಲಿ ಅಮ್ಮ ಒಂದು ಕೈಯಲ್ಲಿ ಹಪ್ಪಳದ ಕಟ್ಟು, ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದುಕೊಂಡು ಹೊರಗೆ ಬಂದಳು. ಪಾಸ್‌ಪೋರ್ಟನ್ನು ಮನೆಗೆ ಬರುವವರೆಗೂ ಕೈಯಿಂದ ಬಿಡಲಿಲ್ಲ.

ನಮ್ಮದು ಸೀಬ್‌ನಲ್ಲಿ ಎರಡು ಕೋಣೆಯ ಫ್ಲಾಟು. ನನ್ನ ಯಜಮಾನರು ಅಲ್ ಮಬೇಲಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್. ಮಗಳು ದೀಪಾ ಮೂರನೆಯ ಕ್ಲಾಸು. ಅಜ್ಜಿ ತುಳುವಿನಲ್ಲಿ ಕೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. (ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು. ಅದು ಹೇಗೆಂದು ಅರ್ಥವಾಗದೆ ನಡುವೆ ನಿಂತವಳು ನಾನು.) ಮೊದಲ ವಾರ ಅಮ್ಮನಿಗೆ ಏನೂ ಕೆಲಸ ಮಾಡಬೇಡ ಎಂದೆ. ಎರಡನೆಯ ವಾರ ಪಾತ್ರೆ ಅವಳದಾಯಿತು. ಮೂರನೆಯ ವಾರ ನಾನು ಆಫೀಸಿನಿಂದ ಬರುವಾಗ ಬಟ್ಟೆ ಮಡಚಿ, ಸಾರು ಕುದಿಸಿ, ದೀಪಾಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಇಟ್ಟಿರುತ್ತಿದ್ದಳು. ತಲೆ ತಿರುಗುವುದು ಕಡಿಮೆಯಾಗಿತ್ತು. ನನಗೆ ಹಾಯೆನಿಸಿತು. ಹೌದು, ಹಾಯೆನಿಸಿತು ಎಂದೇ ಬರೆಯುತ್ತೇನೆ.

ಒಂದು ದಿನ ಕೆಳಗಿನ ಮನೆಯಾಕೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ನಿಮ್ಮ ಕೆಲಸದವಳು ಬಹಳ ಚೊಕ್ಕ, ಅವಳ ಊರಿನವರು ಇನ್ನೊಬ್ಬರು ಸಿಗಬಹುದೇ ಎಂದು ಹಿಂದಿಯಲ್ಲಿ ವಿಚಾರಿಸಿದಳು. ನನಗೆ ಮೈ ಉರಿಯಿತು. ಅವರು ನನ್ನ ತಾಯಿ ಎಂದೆ. ಪಾಪ, ಆಕೆ ನೂರು ಸಲ ಸಾರಿ ಹೇಳಿದಳು. ಆದರೆ ಅವಳ ತಪ್ಪೇನು? ಅಮ್ಮ ಸೆರಗು ಸಿಕ್ಕಿಸಿಕೊಂಡು ನಮ್ಮ ಬಾಗಿಲಿನ ಮುಂದಿನ ಮೆಟ್ಟಿಲು ಒರೆಸುತ್ತಿದ್ದುದನ್ನು ಆಕೆ ದಿನಾ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ.

ವಿಸಿಟ್ ವೀಸಾವನ್ನು ಎಳೆದು ಎಳೆದು ಮೂರು ತಿಂಗಳಾಯಿತು. ಇನ್ನು ಎಳೆಯಲು ಬರುವುದಿಲ್ಲ ಎಂದರು. ಹಾಗಾದರೆ ಇಲ್ಲಿಯೇ ಇರಲು ರೆಸಿಡೆನ್ಸ್ ಮಾಡಿಸೋಣ ಎಂದು ಹೊರಟೆವು. ಯಜಮಾನರ ಕಫೀಲ್, ಅಂದರೆ ವೀಸಾದ ಹೊಣೆ ಹೊತ್ತ ಒಮಾನಿ ಧಣಿ, ಒಳ್ಳೆಯ ಮುದುಕ. ಕೇಳಿದ ತಕ್ಷಣ ಪತ್ರಕ್ಕೆ ಸಹಿ ಹಾಕಿದ. ಕಚೇರಿಯಲ್ಲಿ ಕೌಂಟರಿನ ಆಚೆ ಇದ್ದವನು ಮೂವತ್ತು ದಾಟದ ಒಮಾನಿ ಹುಡುಗ. ಅಮ್ಮನಿಗೆ ಎದ್ದುನಿಂತು ಸಲಾಂ ಹೇಳಿದ. ಕಾಗದ ನೋಡಿದ. ಹೆಂಡತಿ, ಮಕ್ಕಳಾದರೆ ಸರಿ, ಇವರು ನಿನ್ನ ಯಾರು ಎಂದು ಯಜಮಾನರನ್ನು ಕೇಳಿದ. ಅತ್ತೆ. ಇವರಿಗೆ ಗಂಡುಮಕ್ಕಳಿಲ್ಲವೇ? ಇಲ್ಲ. ನಾನು ಮುಂದೆ ಬಂದು, ನಾನೂ ಸಂಬಳಕ್ಕಿದ್ದೇನೆ, ನನ್ನ ಹೆಸರಿನಲ್ಲಿ ಮಾಡಲಾಗುವುದಿಲ್ಲವೇ ಎಂದೆ. ಅವನು ನನ್ನ ಮುಖ ನೋಡಲಿಲ್ಲ, ಕಾಗದವನ್ನೇ ನೋಡಿದ. ತನ್ನ ಅಮ್ಮ ಸುವೈಕ್‌ನಲ್ಲಿ ತನ್ನ ಜೊತೆಯೇ ಇದ್ದಾಳೆ, ಅವಳಿಲ್ಲದೆ ಮನೆ ಮನೆಯಲ್ಲ ಎಂದ. ಆಮೇಲೆ, ಅಳಿಯನ ಹೆಸರಿನಲ್ಲೂ ಮಗಳ ಹೆಸರಿನಲ್ಲೂ ಆಗುವುದಿಲ್ಲ ಎಂದು, ಕಾಗದಗಳನ್ನು ಮೆಲ್ಲಗೆ ನಮ್ಮ ಕಡೆ ತಳ್ಳಿದ.

ಅವನು ಸಿಟ್ಟು ಬರುವಂತೆ ನಡೆದುಕೊಂಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಹೊರಗೆ ಅರಬ್ಬಿ ಟೈಪಿಂಗ್ ಅಂಗಡಿಯ ಹಂಝ ಇದ್ದ. ಉಳ್ಳಾಲದ ಕಡೆಯ ಬ್ಯಾರಿ. ಇಂಥ ಅರ್ಜಿಗಳನ್ನು ಹನ್ನೆರಡು ವರ್ಷಗಳಿಂದ ಟೈಪ್ ಮಾಡುತ್ತಿರುವವನು. ನಮ್ಮ ಮುಖ ನೋಡಿಯೇ ತಿಳಿದುಕೊಂಡ. ಒಂದು ದಾರಿ ಇದೆ ಎಂದ. ಮನೆಗೆಲಸದವರ ವೀಸಾ. ಅಮ್ಮ ಒಮ್ಮೆ ಊರಿಗೆ ಹೋಗಬೇಕು, ವೀಸಾ ಬಾಂಬೆಗೆ ಕಳಿಸಿದರೆ ತಿಂಗಳೊಳಗೆ ವಾಪಸ್. “ಅಕ್ಕಾ, ಬೇಜಾರು ಮಾಡ್ಬೇಡಿ. ಎಷ್ಟೋ ಮಂದಿ ಹೀಗೇ ಕೇಳಿಕೊಂಡು ಬರ್ತಾರೆ” ಎಂದ.

ಯಜಮಾನರು ಬೇರೆ ಕಡೆ ನೋಡುತ್ತಿದ್ದರು. ಮಾತಾಡಿದವಳು ಅಮ್ಮ.

“ಬರೆಸು ಮಗಾ. ಅದರಲ್ಲಿ ಸುಳ್ಳು ಎಂತ ಉಂಟು? ಮೂವತ್ತೆರಡು ವರ್ಷ ಅದೇ ಅಲ್ವಾ ಮಾಡಿದ್ದು?”

ಬರೆಸಿದೆ. ಆ ಶನಿವಾರದ ಕಥೆ ಇಷ್ಟೇ.

ಮೂರನೆಯ ದಿನಕ್ಕೆ ಅರ್ಜಿ ವಾಪಸ್ ಬಂತು. ಕೆಲಸದವಳಾಗಿ ಬರಲು ವಯಸ್ಸಿನ ಮಿತಿ ಇದೆಯಂತೆ, ಅಮ್ಮ ಅದನ್ನು ದಾಟಿದ್ದಾಳಂತೆ. ಹಂಝ ನಮಗೆ ವಿವರಿಸುವಾಗ ಅವನ ಕಣ್ಣೇ ಒದ್ದೆಯಾಗಿತ್ತು. ತಾಯಿ ಎಂದರೆ ಯಜಮಾನರ ತಾಯಿಯಲ್ಲ. ಕೆಲಸದವಳು ಎಂದರೆ ಪ್ರಾಯ ಮೀರಿದೆ. ಅರುವತ್ತೊಂದು ವರ್ಷದ ಒಂದು ಹೆಂಗಸು ಇನ್ನು ಏನಾಗಿ ಬರಬೇಕು?

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ನೀನೇ ಊರಿಗೆ ಹೋಗಿ ಅಮ್ಮನ ಜೊತೆ ಇರಬಹುದಿತ್ತಲ್ಲ? ಇರಬಹುದಿತ್ತು. ದೀಪಾಳ ಸ್ಕೂಲು, ಯಜಮಾನರ ಊಟ, ನನ್ನ ಕೆಲಸ ಎಂದು ನಾನು ನಾಲ್ಕು ರಾತ್ರಿ ಕಾರಣ ಹುಡುಕಿದೆ. ಎಲ್ಲವೂ ನಿಜವಾದ ಕಾರಣಗಳೇ. ಆದರೂ ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಹೋಗಬಹುದಿತ್ತು, ಹೋಗಲಿಲ್ಲ. ಊರಿನಲ್ಲಿ ಒಂದು ರೂಮು ಮಾಡಿ ಯಾರನ್ನಾದರೂ ಜೊತೆಗಿಡುತ್ತೇನೆ ಎಂದೆ. ಅಮ್ಮ, “ನೀನು ತಲೆ ಹಾಳು ಮಾಡ್ಕೊಳ್ಬೇಡ, ನಾನು ನೋಡಿಕೊಳ್ತೇನೆ” ಎಂದಳು. ನಾನು ಅದನ್ನು ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಹೊರಡುವ ದಿನ ಏರ್‌ಪೋರ್ಟಿನಲ್ಲಿ ಅಮ್ಮ ಅಳಲಿಲ್ಲ. ಫ್ರಿಜ್ಜಿನೊಳಗೆ ಮೇಲಿನ ಖಾನೆಯಲ್ಲಿ ಇಡ್ಲಿ ಹಿಟ್ಟಿದೆ, ನಾಳೆಯೇ ಮುಗಿಸು ಎಂದಳು. ದೀಪಾ ಅವಳ ಸೆರಗು ಹಿಡಿದು ಮೊದಲ ಬಾರಿ ತುಳುವಿನಲ್ಲಿ ಮಾತಾಡಿದಳು. ‘ಪೋವಡೆ ಅಜ್ಜೀ.’ ಹೋಗಬೇಡ. ಮೂರು ತಿಂಗಳಲ್ಲಿ ಮಗು ಕಲಿತ ವಾಕ್ಯ ಅದು. ಅಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ನಡೆದಳು. ಗಾಜಿನ ಆಚೆ ಒಮ್ಮೆ ತಪ್ಪು ಸಾಲಿನಲ್ಲಿ ನಿಂತಳು, ಯಾರೋ ಸರಿ ಸಾಲಿಗೆ ಕಳಿಸಿದರು. ಮತ್ತೆ ಕಾಣಲಿಲ್ಲ.

ಆರು ವಾರ ಫೋನಿಲ್ಲ. ಚಿಕ್ಕಮ್ಮನ ಮನೆಗೆ ಮಾಡಿದರೆ, ದೊಡ್ಡಮ್ಮ ಬಂದು ನಾಲ್ಕು ದಿನವಿದ್ದು ಹೋದರು, ನಿಮ್ಮ ಕಡೆಯವರೇ ಎಲ್ಲೋ ಏರ್ಪಾಡು ಮಾಡಿದ್ದಾರೆ ಎಂದರಲ್ಲ ಎಂದಳು ಅಲ್ಲಿಯ ಸೊಸೆ. ನಮ್ಮ ಕಡೆಯವರು ಅಂದರೆ ಯಾರು? ನಾನೇ ಅಲ್ಲವೇ?

ಕಳೆದ ವಾರ ಕಾಗದ ಬಂತು. ಅಮ್ಮನ ಅಕ್ಷರ, ಪೆನ್ಸಿಲಿನಲ್ಲಿ. ದಿಕ್ಕಿಲ್ಲದ ಹೆಂಗಸರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿದ್ದಾಳೆ. (ಅದರ ಹೆಸರು ಕೇಳಬೇಡಿ.) ಮಂಚ ಇದೆ, ಹೊತ್ತಿಗೆ ಗಂಜಿ ಇದೆ, ತಲೆ ತಿರುಗಿದರೆ ಹಿಡಿಯಲು ಜನ ಇದ್ದಾರೆ, ತಾನು ಅಡುಗೆಮನೆಯಲ್ಲಿ ಸಹಾಯ ಮಾಡುತ್ತೇನೆ ಎಂದು ಬರೆದಿದ್ದಾಳೆ. ಆಮೇಲೆ ನಾಲ್ಕು ಸಾಲು:

“ಇಲ್ಲಿ ಮಕ್ಕಳಿದ್ದವರನ್ನು ಸೇರಿಸಿಕೊಳ್ಳುವುದಿಲ್ಲ. ಅದಕ್ಕೆ ನನಗೆ ಯಾರೂ ಇಲ್ಲ ಅಂತ ಬರೆಸಿದ್ದೇನೆ. ನೀನು ಕಾಗದ ಹಾಕುವುದಾದರೆ ಅಮ್ಮ ಅಂತ ಬರೆಯಬೇಡ. ಇಲ್ಲಿಯವರು ಒಡೆದು ಓದಿ ಕೊಡುತ್ತಾರೆ.”

ಉತ್ತರ ಬರೆಯಲು ಏರೋಗ್ರಾಮ್ ಕಾಗದ ತಂದು ಮೂರು ದಿನವಾಯಿತು. ಮೇಲೆ ‘ಮಾನ್ಯರೇ’ ಎಂದು ಬರೆದಿದ್ದೇನೆ. ನಾವು ಕ್ಷೇಮ, ದೀಪಾಳಿಗೆ ಪರೀಕ್ಷೆ ಹತ್ತಿರ ಬಂತು, ಇಲ್ಲಿ ಸೆಖೆ ಶುರುವಾಗಿದೆ ಎಂದೆಲ್ಲ ತುಂಬಿಸಿದ್ದೇನೆ. ಕೆಳಗೆ ‘ಇತಿ ನಿಮ್ಮ’ ಎಂದು ಬರೆದು ಪೆನ್ನು ನಿಂತಿದೆ.

ಇತಿ ನಿಮ್ಮ, ಯಾರು?