ನಾನು ತಿರುಗಿಸಿದ ಡಿಶ್‌ಗಳು

ಹೊನ್ನೂರಾ, ಮಾಳಿಗೆಗಳ ಮೇಲೆ ನೀನು ಕೂಡಿಸಿದ ಟಿವಿ ಡಿಶ್‌ಗಳನ್ನು ತಿರುಗಿಸಿದವನು ನಾನು. ಗಾಳಿಯಲ್ಲ, ಮಂಗಗಳಲ್ಲ, ನಿನ್ನ ಕೆಲಸದ ದೋಷವಂತೂ ಅಲ್ಲವೇ ಅಲ್ಲ — ನಾನೇ. ಹೇಳಿಬಿಟ್ಟೆ. ಇಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದೆ, ಇನ್ನು ಆಗುವುದಿಲ್ಲ.

ಚಿಗಟೇರಿಯಿಂದ ಬಂದ ನಿನಗೆ ಕೊಟ್ಟೂರಿನಲ್ಲಿ ಕೇಬಲ್ ಕೆಲಸ ಕಲಿಸಿದವನು ನಾನು. ಮಾಳಿಗೆಯಿಂದ ಮಾಳಿಗೆಗೆ ವೈರು ದಾಟಿಸಿ ಊರಿಗೆಲ್ಲ ಟಿವಿ ತೋರಿಸಿದವರು ನಾವಿಬ್ಬರು. ಆಗ ನನ್ನ ಗತ್ತೇನು! ಸಂಜೆ ಇಂಥ ಸಿನಿಮಾ ಹಾಕಪ್ಪಾ ಎಂದು ಜನ ಆಫೀಸಿನವರೆಗೂ ಬಂದು ಕೇಳಿಕೊಳ್ಳುತ್ತಿದ್ದರು. ಆಮೇಲೆ ಮನೆಗೊಂದು ಡಿಶ್ ಬಂತು. ಚಿತ್ರ ಸ್ವಚ್ಛ; ನಮ್ಮ ಆಫೀಸಿನಲ್ಲಿ ಕರೆಂಟು ಹೋದರೆ ಊರಿನ ಟಿವಿಯೆಲ್ಲ ನಿಲ್ಲುವ ಕಾಟವೂ ಇಲ್ಲ. ಬೀದಿ ಬೀದಿಯೇ ನನ್ನ ವೈರು ಬಿಚ್ಚಿಸತೊಡಗಿತು. ನನ್ನ ಮನೆ ನಡೆಯುತ್ತಿದ್ದದ್ದೇ ಆ ವೈರಿನ ಮೇಲೆ. ನೀನು ಸಂಕೋಚಪಟ್ಟುಕೊಂಡೇ ಬಂದು, ಡಿಶ್ ಕೂಡಿಸುವ ಕೆಲಸಕ್ಕೆ ಹೋಗುತ್ತೇನೆ ಅಂದೆ. ನಾನು ಹೋಗಪ್ಪಾ ಅಂದೆ. ಬಾಯಲ್ಲಿ ಅಂದೆ, ಅಷ್ಟೇ — ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಕೇಬಲ್‌ನವನು ಮಾಳಿಗೆ ಹತ್ತಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಪಕ್ಕದ ಮನೆಯ ವೈರು ನೋಡುವ ನೆವದಲ್ಲಿ ಹಾಡಹಗಲೇ ಹತ್ತುತ್ತಿದ್ದೆ. ನಟ್ಟು ಸಡಿಲಿಸಿ, ನೀನು ಕೂಡಿಸಿದ ಡಿಶ್ಶನ್ನು ಬೆರಳಷ್ಟು ಸರಿಸಿ, ಮತ್ತೆ ಮೊದಲಿನಂತೆ ಬಿಗಿದು ಇಳಿಯುತ್ತಿದ್ದೆ. ಅಷ್ಟು ಸರಿದರೆ ಸಾಕು, ಸಿಗ್ನಲ್ ಸತ್ತಂತೆ. ನಟ್ಟು ಬಿಗಿಯಾಗಿದ್ದದ್ದರಿಂದ ಬೇರೆಯವರ ಕೈ ಆಡಿದೆ ಎಂಬ ಅನುಮಾನವೇ ನಿನಗೆ ಬರಲಿಲ್ಲ. ಅವಸರದಲ್ಲಿ ಅರೆಬರೆ ಕೂಡಿಸಿ ಹೋಗುತ್ತಾನೆ ಎಂದು ಜನ ನಿನ್ನನ್ನು ಬೈದರು. ನೀನು ಮತ್ತೆ ಹೋಗಿ ಸರಿಮಾಡುತ್ತಿದ್ದೆ, ನಾನು ಮತ್ತೆ...

ಬೇಸತ್ತವರು ಕೇಬಲ್‌ಗೆ ವಾಪಸು ಬರುತ್ತಾರೆ ಎಂದುಕೊಂಡಿದ್ದೆ. ಕೆಲವರು ಬಂದರು, ನಾಲ್ಕು ದಿನಕ್ಕೆ. ಉಳಿದವರು ಕೂಡ್ಲಿಗಿಯಿಂದ ಬೇರೆ ಫಿಟ್ಟರನ್ನು ಕರೆಸಿದರು. ಅವನು ಕೂಡಿಸಿದ್ದನ್ನು ನಾನು ಮುಟ್ಟಲಿಲ್ಲ — ಅವನ ಗುರುತಿಲ್ಲ, ಹೆದರಿಕೆ. ಹಾಗಾಗಿ ಅವನದು ಕೂಡಿಸಿದಲ್ಲೇ ನಿಂತಿತು, ನಿನ್ನದು ಮಾತ್ರ ನಿಲ್ಲಲಿಲ್ಲ.

ಆಗ ನೀನು ಬಂದದ್ದು ನನ್ನ ಹತ್ತಿರವೇ. ಆಫೀಸಿನ ಕಟ್ಟೆಯ ಮೇಲೆ ಕೂತು ಅಂದೆ:

"ಅಣ್ಣಾ, ನನ್ನ ಕೈಯಾಗ ಏನೋ ದೋಷ ಐತಿ. ಎಷ್ಟು ಸರಿ ಮಾಡಿದ್ರೂ ನಿಲ್ಲವಲ್ದು. ನೀನ ಕಲಿಸಿದಾಂವ, ನೀನ ಹೇಳು."

ನಿನ್ನ ನಟ್ಟು ಸಡಿಲಿಸುತ್ತಿದ್ದ ಪಾನಾ ನನ್ನ ಜೇಬಿನಲ್ಲೇ ಇತ್ತು. ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದೇನು?

"ಈ ಕೆಲಸ ನಿನಗ ಒಗ್ಗಂಗಿಲ್ಲ ಲೇ. ಬಿಟ್ಟುಬಿಡು."

ನೀನು ತಲೆಯಾಡಿಸಿ ಎದ್ದೆ. ಹರಪನಹಳ್ಳಿಯಲ್ಲಿ ಯಾರದೋ ಗೋದಾಮಿನಲ್ಲಿ ಚೀಲ ಹೊರುವುದಕ್ಕೆ ಹೋದೆ ಎಂದು ಆಮೇಲೆ ಗೊತ್ತಾಯಿತು. ಥೂ, ನನ್ನ ಜನ್ಮಕ್ಕೆ.

ಕೇಬಲ್ಲೂ ಉಳಿಯಲಿಲ್ಲ. ಈಗ ಡಿಶ್ಶೂ ತುಕ್ಕು ಹಿಡಿಯುತ್ತಿದೆ. ಎಲ್ಲರೂ ಫೋನಿನಲ್ಲೇ ನೋಡುತ್ತಾರೆ, ಅದು ಎಷ್ಟು ದಿನವೋ ಯಾರಿಗೆ ಗೊತ್ತು. ಉಳಿಯದ ಒಂದು ದಂಧೆಗೆ ನಿನ್ನನ್ನು ಬಲಿ ಕೊಟ್ಟೆ. ಉಳಿದಿದ್ದರೂ ಇದು ಪಾಪವೇ.

ಹೋದ ವಾರ ನನ್ನ ಮಗಳ ಮದುವೆಗೆ ಕರೆಯಲು ನಿನ್ನ ಮನೆಗೆ ಬಂದೆನಲ್ಲ — ಫ್ಯಾನು ತಿರುಗುತ್ತಿರಲಿಲ್ಲ. ರಿಪೇರಿ ಮಾಡುವವರು ಸಿಕ್ಕಿಲ್ಲ ಎಂದು ನಿನ್ನ ಹೆಂಡತಿ ನಗುತ್ತ ಹೇಳಿದಳು:

"ಇವ್ರು ಒಂದು ಬಲ್ಬೂ ಮುಟ್ಟಲ್ಲ ಅಣ್ಣಾರ. ನನ್ನ ಕೈ ಸರಿ ಇಲ್ಲ ಅಂತಾರ."

ನೀನೂ ನಕ್ಕೆ. ನಾನು ಅವಳು ಕೊಟ್ಟ ಚಹಾ ಕುಡಿದು, ಲಗ್ನಪತ್ರಿಕೆ ಇಟ್ಟು, ಎದ್ದು ಬಂದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಾಳೆ ಬರುತ್ತೇನೆ, ಇದನ್ನೆಲ್ಲ ನಿನ್ನ ಹೆಂಡತಿಯೆದುರೇ ಮತ್ತೆ ಹೇಳುತ್ತೇನೆ. ಹೊಡೆ, ಮನೆಯಿಂದ ಹೊರಗೆ ಹಾಕು, ಮದುವೆಗೂ ಬರಬೇಡ — ಆ ಫ್ಯಾನನ್ನು ಮಾತ್ರ ಬೇರೆಯವರಿಂದ ಮಾಡಿಸಬೇಡ, ನಿನ್ನ ಕೈಯಿಂದಲೇ ಮಾಡು.