ಮಗ್ಗದ ಮೇಲಿನ ಫೋನು

ಹೊಸ ಇಯರ್‌ಪೀಸ್ ಸ್ಪೀಕರ್ ಕೂರಿಸಿ, ಫೋನಿನ ಡಿಸ್‌ಪ್ಲೇ ಮುಚ್ಚಿ, “ಮೊದಲು ನಿಮ್ಮವ್ವನಿಗೇ ಫೋನ್ ಮಾಡಿ ನೋಡು” ಎಂದು ಹೆಂಡತಿಯ ಕೈಗೆ ಕೊಟ್ಟೆ. ರೇಷ್ಮೆ ಎಳೆ ಹೆಕ್ಕುವ ಚಿಮಟದಲ್ಲೇ ಕೆಲಸ ಮುಗಿಸಿದ ಹೆಮ್ಮೆ ನನಗೆ.

ಒಂದು ವರ್ಷದಿಂದ ಆ ಫೋನನ್ನು ಕಿವಿಗಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಅವಳು ಲೌಡ್‌ಸ್ಪೀಕರ್ ಹಾಕಿ, ಮಗ್ಗದ ಮೇಲಿಟ್ಟು, ನೇಯುತ್ತಲೇ ಮಾತಾಡುತ್ತಿದ್ದಳು. ಸಿರುಮುಗೈಯ ನಮ್ಮ ಮನೆಯಲ್ಲಿ ಎರಡು ಮಗ್ಗವೂ ಒಂದೇ ಕೋಣೆಯಲ್ಲಿವೆ. ತಿರುಪ್ಪೂರಿನಿಂದ ಅತ್ತೆ ವಿಚಾರಿಸುವುದು, ಇವಳು “ಚೆನ್ನಾಗಿದೀನವ್ವ” ಎನ್ನುವುದು, ಎಲ್ಲವೂ ನನಗೂ ನನ್ನ ಅಮ್ಮನಿಗೂ ಕೇಳುತ್ತಿತ್ತು.

ಅಂದು ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಮಗ್ಗ ಬಿಟ್ಟು ಎದ್ದಳು. “ಅವ್ವಾ, ಈಗ ಏನ್ ಬೇಕಾದ್ರೂ ಕೇಳು. ನನ್ ಕಿವಿಗೆ ಮಾತ್ರ ಬೀಳ್ತದೆ” ಎನ್ನುತ್ತಾ ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಊಟದ ಹೊತ್ತಿನವರೆಗೂ ಅವಳ ಮಗ್ಗ ಸದ್ದು ಮಾಡಲಿಲ್ಲ. ಒಳಗೆ ಬಂದಾಗ ಕಣ್ಣುಗಳು ಕೆಂಪಾಗಿದ್ದವು.

ಅತ್ತೆ ಏನು ಕೇಳಿದರೋ, ಅವಳು ಏನು ಹೇಳಿದಳೋ, ನನಗೆ ಇಂದಿಗೂ ಗೊತ್ತಿಲ್ಲ. ಹುಣಸೆಬೀಜದಷ್ಟಿರುವ ಆ ಹಳೆಯ ಸ್ಪೀಕರನ್ನು ಮಾತ್ರ ಎಸೆಯಲು ಮನಸ್ಸಾಗಿಲ್ಲ. ವರ್ಷವಿಡೀ ಅವಳ “ಚೆನ್ನಾಗಿದೀನಿ” ನಮ್ಮ ಕಿವಿಗೆ ಬೀಳಲೆಂದೇ ಹೇಳಿದ್ದಾಗಿತ್ತು. ನಾನು ಅದನ್ನು ನಂಬಿಕೊಂಡು ಪಕ್ಕದಲ್ಲೇ ಕೂತು ನೇಯುತ್ತಿದ್ದೆ.